ಪೆಟ್ಟಿಗೆ ಬಿಸಿಯಾದರೆ

ಡಿಸೆಂಬರ್ ೧೩, ಶನಿವಾರ. ಗಂಗಾವತಿ.

ಆ ಮಾತನ್ನು ನಾನೇ ಏಕೆ ಆಡಿದೆ?

ನಮ್ಮ ಸ್ಟುಡಿಯೋದ ಮದುವೆ ವಿಡಿಯೋಗಳೆಲ್ಲ ಇರುವ ಹಾರ್ಡ್ ಡಿಸ್ಕ್‌ಗಳ ಸ್ಟೋರೇಜ್ ಪೆಟ್ಟಿಗೆಯನ್ನು ನೋಡಿಕೊಳ್ಳಲು ಕಂಪ್ಯೂಟರ್ ರಿಪೇರಿಯ ಸೊಹೇಲ ಎರಡು ಸಾಫ್ಟ್‌ವೇರ್ ತೋರಿಸಿದ. ಒಂದಕ್ಕೆ ಈಗಿನಂತೆ ಪ್ರತಿ ಶನಿವಾರ ಅವನೇ ಕುಷ್ಟಗಿಯಿಂದ ಬರಬೇಕು. ಇನ್ನೊಂದನ್ನು ಎಲ್ಲಿದ್ದರೂ ಫೋನಿನಲ್ಲೇ ನಡೆಸಬಹುದು.

ಮಾಲೀಕ ಇಬ್ರಾಹಿಂಸಾಬರು ನನ್ನತ್ತ ತಿರುಗಿದರು. “ದಿನಾ ಅದರ ಮುಂದ ಕೂಡಾಕಿ ನೀನು. ಯಾವುದು ಛಲೋ ಐತಿ ಹೇಳ ಬೇಟಾ.”

ಶನಿವಾರ ಮಾತ್ರ ನಾನು ಹೊಸ ಕಿವಿಯೋಲೆ ಹಾಕುತ್ತೇನೆ. ಅದನ್ನು ಹೇಳಲಾದೀತೆ? “ಫೋನಿನ್ಯಾಗ ನೋಡೋದ ಛಲೋರಿ,” ಎಂದೆ. ನಿಜವೂ ಅದೇ. ವಾರದ ನಡುವೆ ಡಿಸ್ಕ್ ಕೆಟ್ಟರೆ ಯಾರದೋ ಮದುವೆಯೇ ಅಳಿಸಿಹೋಗುತ್ತದೆ.

“ಬಸ್ಸಿನ್ಯಾಗ ನಿಂತು ಬರೋದು ತಪ್ಪಿತು ನೋಡ್ರಿ,” ಎಂದು ಸೊಹೇಲ ನಕ್ಕ. ಆದರೆ ವೈರು ಸುತ್ತಿಡಲು ಅವನಿಗೆ ಅಷ್ಟು ಹೊತ್ತು ಎಂದೂ ಹಿಡಿದಿರಲಿಲ್ಲ.

ಎಂ.ಎ.ಯಲ್ಲಿ ವಿರಹದ ಮೇಲೆ ಪ್ರಬಂಧ ಬರೆದವಳು, ಇಂದು ಅದಕ್ಕೊಂದು ಸಾಫ್ಟ್‌ವೇರ್ ಆರಿಸಿಕೊಟ್ಟೆ.

ಪೆಟ್ಟಿಗೆ ಬಿಸಿಯಾದರೆ ಎಚ್ಚರಿಕೆ ಯಾರ ಫೋನಿಗೆ ಹೋಗಬೇಕೆಂದು ಕೊನೆಗೆ ಕೇಳಿದ. “ನಿಮಗ ಬರಲಿ,” ಎಂದೆ.

“ಬಂತಂದ್ರ ಅವತ್ತ ಬಸ್ ಹತ್ತತೀನ್ರಿ.”

ಪೆಟ್ಟಿಗೆ ಇರುವ ಕೋಣೆಯ ಫ್ಯಾನಿನ ಸ್ವಿಚ್ ನನ್ನ ಕುರ್ಚಿಯ ಪಕ್ಕದಲ್ಲೇ ಇದೆ. ನಾನು ಆರಿಸುವುದಿಲ್ಲ, ಗೊತ್ತು. ಆದರೂ ಈ ಸಲ ಬೇಸಿಗೆ ಸ್ವಲ್ಪ ಬೇಗ ಬಂದರೆ…