ಬೀಗದೊಳಗಿನ ಪಂಪು

ಮನೆಯಿಂದ,
ಭಾನುವಾರ, ಮಧ್ಯಾಹ್ನ

ನನ್ನ ಸಿಡುಕು ಮೋರೆಯ ಮೆಕ್ಯಾನಿಕ್‌ಗೆ ಪ್ರೀತಿಯ ನಮಸ್ಕಾರ.

ಬೆನ್ನುನೋವು ಹೇಗಿದೆ? ಎಂಜಿನ್ ರೂಮಿನ ಸೆಕೆಯಲ್ಲಿ ನೀರು ಕುಡಿಯುತ್ತಿದ್ದೀರಾ, ಇಲ್ಲ ಬರೀ ಟೀಯಲ್ಲೇ ದಿನ ದೂಡುತ್ತಿದ್ದೀರಾ? ನಡುಕಡಲಿನಲ್ಲಿ ಫೋನು ಸಿಗುವುದಿಲ್ಲವಲ್ಲ, ಅದಕ್ಕೇ ಹಡಗಿನ ಕಂಪನಿಯ ಟಪಾಲನ್ನು ನಂಬಿ ಬರೆಯುತ್ತಿದ್ದೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಮಗಳ ಮುಂದಿನ ಹಲ್ಲು ಬಿದ್ದು, ನಕ್ಕರೆ ಥೇಟ್ ನಿಮ್ಮ ಅಮ್ಮನೇ. ಈ ಮಾತು ಅತ್ತೆಯ ಕಿವಿಗೆ ಬೀಳದಿರಲಿ.

ಹೋದ ಮಳೆಗಾಲದಲ್ಲಿ ಮೂಲೆಮನೆಯ ಟೈಲರ್ ಅಜ್ಜಿಯ ನೆಲಮಾಳಿಗೆಗೆ ನೀರು ನುಗ್ಗಿದ್ದು ನೆನಪಿದೆಯಲ್ಲ. ಬೀದಿಯವರೆಲ್ಲ ಬಕೆಟ್ ಹಿಡಿದು ಎತ್ತಿ ಎತ್ತಿ ಹಾಕಿದೆವು. ಆದರೂ ಹೊಲಿಗೆ ಯಂತ್ರ ಮುಳುಗಿತು, ಗಿರಾಕಿಗಳ ಬಟ್ಟೆಯೆಲ್ಲ ಹಾಳಾಯಿತು. ನೀವು ಆಮೇಲೆ ಬಂದರು ಮುಟ್ಟಿದಾಗ ಫೋನು ಮಾಡಿ, ನಮ್ಮ ಷೆಡ್ಡಿನಲ್ಲೇ ಡೀಸೆಲ್ ಪಂಪು ಇತ್ತಲ್ಲೇ ಅಂದಿರಿ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಟ್ಟಿಕೊಂಡವಳಿಗೇ ಗೊತ್ತಿಲ್ಲದ ಮೇಲೆ ಬೀದಿಯವರಿಗೆ ಹೇಗೆ ಗೊತ್ತಾಗಬೇಕು?

ಅವತ್ತೇ ಹಟ ಹಿಡಿದೆ. ಅಂಗಡಿಯವರಿಗೆಲ್ಲ ವೆಬ್‌ಸೈಟ್ ಮಾಡಿಕೊಡುವವಳು ನಮ್ಮ ಬೀದಿಗೊಂದು ಮಾಡಲಾರೆನೇ? ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹಾಲು ಉಕ್ಕಿಸಿ, ಅನ್ನ ಸೀಯಿಸಿ, ಅಂತೂ ಮುಗಿಸಿದೆ. ಕಷ್ಟದ ಹೊತ್ತಿನಲ್ಲಿ ಯಾರ ಬಳಿ ಏನಿದೆ, ಯಾರಿಗೆ ಏನು ಬೇಕು ಎಂದು ತಿಳಿಸುವ ವೆಬ್ ಆ್ಯಪ್ ಅದು. ತೆರೆದರೆ ಎರಡೇ ಗುಂಡಿ, ‘ಇದೆ’ ಮತ್ತು ‘ಬೇಕು’. ನೆಟ್‌ವರ್ಕ್ ಹೋದರೂ ಕೊನೆಯ ಸಲ ನೋಡಿದ್ದು ಫೋನಿನಲ್ಲಿ ಉಳಿದಿರುತ್ತದೆ.

ಮೊನ್ನೆ ಎಲ್ಲರನ್ನೂ ಕೂಡಿಸಿ ತೋರಿಸಿದೆ. ಬಾಯ್ತುಂಬ ಹೊಗಳಿದರು, ‘ಇದೆ’ಯಲ್ಲಿ ಹಾಕಿದ್ದು ಮಾತ್ರ ಮೇಣದಬತ್ತಿ, ಹಳೆಯ ಛತ್ರಿ. ಬೇಕರಿಯವರ ಜನರೇಟರ್ ಕೇಳಿದ್ದಕ್ಕೆ ಅವರು, “ಮೊದ್ಲು ನಿಮ್ಮ ಯಜಮಾನ್ರ ಷೆಡ್ ತೆಗೀರಿ ಮೇಡಂ, ಆಮೇಲೆ ನಮ್ಮದು ಕೇಳಿ” ಅಂದುಬಿಟ್ಟರು. ಎಲ್ಲರೂ ಕಿಸಕ್ಕೆಂದರು. ನನ್ನ ಮುಖ ಎಲ್ಲಿಟ್ಟುಕೊಳ್ಳಲಿ ಹೇಳಿ.

ಯಾರೋ ನಿಮ್ಮ ಡ್ರಿಲ್ ಒಯ್ದು ಕೆಡಿಸಿ ತಂದರೆಂದು ಷೆಡ್ಡಿಗೆ ಆ ಬೀಗ ಜಡಿದಿರಿ. ನಿಮ್ಮ ಸಿಟ್ಟು ಸುಳ್ಳೆಂದು ನಾನು ಹೇಳುವುದಿಲ್ಲ. ಅದಕ್ಕೆಂದೇ ಇನ್ನೊಂದು ಪುಟ ಸೇರಿಸಿದ್ದೇನೆ. ಒಯ್ಯುವಾಗ ಒಂದು ಫೋಟೋ, ತಂದುಕೊಡುವಾಗ ಒಂದು ಫೋಟೋ, ಕೆಡಿಸಿದವರೇ ರಿಪೇರಿ ಮಾಡಿಸಬೇಕು. ನಿಜ ಹೇಳಬೇಕೆಂದರೆ ಆ ಪುಟವನ್ನು ಬೀದಿಗಲ್ಲ, ನಿಮಗಾಗಿಯೇ ಮಾಡಿದ್ದು.

ಈ ಮಳೆಗಾಲವೂ ಜೋರೆಂದು ಹೇಳುತ್ತಿದ್ದಾರೆ. ಅಜ್ಜಿ ಸಾಲ ಮಾಡಿ ಹೊಸ ಯಂತ್ರ ತಂದಿದ್ದಾರೆ, ಅದೇ ನೆಲಮಾಳಿಗೆಯಲ್ಲಿದೆ. ಬೇರೆ ಜಾಗವಾದರೂ ಎಲ್ಲಿದೆ ಅವರಿಗೆ? ಷೆಡ್ಡಿನ ಕೀಲಿ ಎಲ್ಲಿಟ್ಟಿದ್ದೀರೆಂದು ಈ ಕಾಗದ ಸಿಕ್ಕ ಬಂದರಿನಿಂದಲೇ ಫೋನು ಮಾಡಿ ತಿಳಿಸಿ. ನೀವು ಒಪ್ಪದೆ ನಿಮ್ಮ ಸಾಮಾನು ಮುಟ್ಟುವುದು ನನಗೂ ಇಷ್ಟವಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಿ. ಬೆನ್ನಿಗೆ ಎಣ್ಣೆ ಹಚ್ಚಲು ಜೊತೆಯವರನ್ನು ಕೇಳಿ, ಸಂಕೋಚಪಟ್ಟುಕೊಳ್ಳಬೇಡಿ.

ಇಂತಿ,
ನಿಮ್ಮ ಹಟಮಾರಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಳೆ ಹಿಡಿಯಿತು. ಅಜ್ಜಿ ‘ಬೇಕು’ ಒತ್ತಿದರು. ನಿಮ್ಮ ಉತ್ತರಕ್ಕೆ ಕಾಯಲಾಗಲಿಲ್ಲ, ಸುತ್ತಿಗೆ ತಂದು ಬೀಗ ಒಡೆದೆ. ಪಂಪು ಓಡುತ್ತಿದೆ, ಯಂತ್ರ ಉಳಿದಿದೆ. ಬೇಕರಿಯವರು ತಾವಾಗಿಯೇ ‘ಇದೆ’ಯಲ್ಲಿ ಜನರೇಟರ್ ಹಾಕಿದರು. ಪಂಪು ‘ಕೊಟ್ಟವರು’ ಎಂಬಲ್ಲಿ ನಿಮ್ಮ ಹೆಸರನ್ನೇ ಬರೆದಿದ್ದೇನೆ. ನೀವೇ ಒಪ್ಪಿ ಕೊಟ್ಟಿರೆಂದು ಬೀದಿಯೆಲ್ಲ ನಂಬಿದೆ. ಬಂದಾಗ ನನ್ನನ್ನು ಎಷ್ಟು ಬೇಕಾದರೂ ಬೈಯಿರಿ, ಅದನ್ನು ಮಾತ್ರ ಸುಳ್ಳು ಮಾಡಬೇಡಿ.