ಆರಾದ ಮೇಲೆ ಮತ್ತೆ ಲಾಭ

ಯಪ್ಪಾ,

ನಿನ್ನೆ ಸಾರವಾಡದ ಹೊಲದಲ್ಲಿ ರಾಶಿ ಆಯಿತು. ನೀನಿಲ್ಲದ ಮೊದಲ ರಾಶಿ. ನೀನು ತಿಕೋಟಾ ಸಂತೆಯಲ್ಲಿ ಕೊಂಡಿದ್ದ ಹಿತ್ತಾಳೆ ಸೇರು ಈ ಸಲ ನನ್ನ ಕೈಗೆ ಬಂತು. ಆ ಸುದ್ದಿ ಹೇಳಲೆಂದೇ ಬರೆಯಲು ಕೂತಿದ್ದೇನೆ. ಅದಕ್ಕೂ ಮೊದಲು ನಮ್ಮಿಬ್ಬರ ನಡುವೆ ಉಳಿದುಹೋದ ಒಂದು ಸಂಖ್ಯೆಯ ಮಾತು ಆಡಬೇಕು. ರಾಶಿಯ ಮುಂದೆ ನೀನು ಎಂದೂ ಬಾಯಿಗೆ ತರದ ಸಂಖ್ಯೆ. ಬರೆದರೆ ತಪ್ಪಿಲ್ಲವಲ್ಲ? ಏಳು.

ನನ್ನನ್ನು ಒಂದನೆಯ ಇಯತ್ತೆಗೆ ಸೇರಿಸಿದ ವಾರ ನೆನಪಿದೆಯಾ? ಹತ್ತರವರೆಗೆ ಎಣಿಸು ಎಂದರು ಟೀಚರು. ಕಣದಲ್ಲಿ ನಿನ್ನ ತೊಡೆಗೆ ಆತು ಕೂತು ಕಲಿತದ್ದನ್ನೇ ನಾನು ಗಟ್ಟಿಯಾಗಿ ಒಪ್ಪಿಸಿದೆ: "ಲಾಭ, ಎರಡು, ಮೂರು, ನಾಕು, ಐದು, ಆರು, ಮತ್ತ ಲಾಭ, ಎಂಟು, ಒಂಬತ್ತು, ಹತ್ತು." ಇಡೀ ವರ್ಗ ನಕ್ಕಿತು. ಅಳುತ್ತ ಮನೆಗೆ ಬಂದು ನಿನ್ನ ಮೇಲೆ ಹರಿಹಾಯ್ದೆ.

"ಯವ್ವಾ, ಮೊದಲನೇ ಸೇರು ದೇವರದು, ಅದಕ್ಕ ಲಾಭ ಅನ್ನೂದು," ಎಂದೆ ನೀನು. "ಇನ್ನ ರಾಶಿ ಮುಂದ ಕುಂತು ಏಳು ಅಂದ್ರ ಏನಾಗತೈತಿ? ಲಕ್ಷ್ಮಿ ಎದ್ದು ಹೊಂಟಬಿಡ್ತಾಳ. ಮನಿಗೆ ಕರದಾಕಿಗೆ ಏಳು ಅಂತಾರೇನು?"

"ಮತ್ತ ಸಾಲ್ಯಾಗ?"

"ಸಾಲ್ಯಾಗ ರಾಶಿ ಎಲ್ಲೈತಿ? ಅಲ್ಲಿ ಬೇಕಾದಷ್ಟು ಸಲ ಅನ್ನು."

ಆ ದಿನದ ನಗುವಿನ ಮೇಲಿನ ಸಿಟ್ಟಿಗೇ ಇರಬೇಕು, ನಾನು ಗಣಿತದ ಟೀಚರ್ ಆದದ್ದು.

ಗೋಲಗುಮ್ಮಟ ತೋರಿಸಲು ಕರೆದೊಯ್ದಿದ್ದೆಯಲ್ಲ, ಮೆಟ್ಟಿಲು ಹತ್ತಿ ಹತ್ತಿ ನನ್ನ ಕಾಲು ಸೋತು ಕೊನೆಗೆ ನಿನ್ನ ಹೆಗಲೇರಿದ್ದೆ. ಕೂಗಿದರೆ ಏಳು ಸಲ ತಿರುಗಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು "ಯಪ್ಪಾ" ಎಂದು ಕೂಗಿದೆ, ನೀನು ಎಣಿಸತೊಡಗಿದೆ. ಬಾಯಿಬಿಟ್ಟು ಎಣಿಸಿದ್ದೇ ತಪ್ಪಾಯಿತು. ನಿನ್ನ ಎಣಿಕೆಯೂ ಗೋಡೆಗುಂಟ ಸುತ್ತಿ ಬಂದು ಲೆಕ್ಕವೆಲ್ಲ ಕಲಸಿಹೋಯಿತು. ಎಷ್ಟಾದವು ಎಂದು ಕೇಳಿದರೆ ಮೇಲೆ ನೋಡುತ್ತ, "ಇದು ಎಣಿಸೂದಲ್ಲ ಯವ್ವಾ, ಕೇಳೂದು" ಎಂದೆ. ಆಗ ನಿನ್ನ ಮುಖದಲ್ಲಿ ಕಂಡ ಬೆರಗು ನನಗೆ ಗಣಿತದಲ್ಲಿ ಬಹಳ ವರ್ಷಗಳ ಮೇಲೆ ಸಿಕ್ಕಿತು.

ಅಥಣಿ ರಸ್ತೆಯ ನನ್ನ ಮನೆಯ ಕಟ್ಟೆಯ ಮೇಲೆ ಒಂದು ಸಂಜೆ ನೀನು ಶೇಂಗಾ ಸುಲಿಯುತ್ತಿದ್ದೆ. ಕಾಳು ಜೋಡಿಸಿ ತೋರಿಸಿದೆ ನಿನಗೆ. ಆರು ಕಾಳಾದರೆ ಎರಡು ಸಾಲು, ಎಂಟಾದರೂ ಎರಡು, ಒಂಬತ್ತಾದರೆ ಮೂರು. ಏಳು ಮಾತ್ರ ಯಾವ ಸಾಲಿಗೂ ಒಗ್ಗಲಿಲ್ಲ. ಎರಡಕ್ಕೆ ನಾಲ್ಕು ಹುಟ್ಟುತ್ತದೆ, ಮೂರಕ್ಕೆ ಒಂಬತ್ತು, ಐದಕ್ಕೆ ಹತ್ತು; ಈ ಹತ್ತರೊಳಗೆ ಏಳಕ್ಕೆ ಮಕ್ಕಳೂ ಇಲ್ಲ, ಒಂದನ್ನು ಬಿಟ್ಟರೆ ಹಿರಿಯರೂ ಇಲ್ಲ ಎಂದೆ. ನೀನು ಆ ಏಳು ಕಾಳು ಅಂಗೈಗೆ ಎತ್ತಿಕೊಂಡೆ. "ಅದಕ್ಕ ಮದವ್ಯಾಗ ಏಳು ಹೆಜ್ಜಿ ಇಡಸ್ತಾರ," ಎಂದೆ. "ಸರಿಪಾಲು ಮಾಡಾಕ ಬರಬಾರದು ಅಂತ." ನಾನು ಕಲಿಸಲು ಹೋದವಳು, ಕಲಿತು ಎದ್ದೆ. ಆಮೇಲೆ ಆ ಏಳೂ ಕಾಳು ನೀನೇ ತಿಂದೆ.

ನಿನಗೆ ಲಕ್ವಾ ಹೊಡೆದು ಅರ್ಧ ಮೈ ಸ್ವಾಧೀನ ತಪ್ಪಿದ ಮೂರನೆಯ ದಿನ ಡಾಕ್ಟರು ಹಾಸಿಗೆಯ ಬಳಿ ಬಂದರು. ಒಳ್ಳೆಯ ಹುಡುಗ, ಬೇರೆ ಕಡೆಯವನು. ಒಂದರಿಂದ ಹತ್ತರವರೆಗೆ ಎಣಿಸಿ ಎಂದ. ನೀನು ತೊದಲುತ್ತ ಆರರವರೆಗೆ ಬಂದು ನಿಂತುಬಿಟ್ಟೆ. "ಏಳು ಅನ್ನು ಯಪ್ಪಾ, ಏಳು" ಎಂದು ನಾನೇ ಒತ್ತಾಯಿಸಿದೆ. ನೀನು ಬಾಯಿ ಬಿಗಿಹಿಡಿದು ನನ್ನನ್ನು ದುರುಗುಟ್ಟಿದೆ. ಆ ಡಾಕ್ಟರ್ ಕಾಗದದಲ್ಲಿ ಏನೋ ಬರೆದುಕೊಂಡು, ಅಂಕಿ ಮರೆತಿದ್ದಾರೆ, ಬುದ್ಧಿಗೂ ಪೆಟ್ಟಾಗಿರಬಹುದು ಎಂದು ಹೇಳಿ ಹೋದ. ನಾನು ನಂಬಿದೆ ಯಪ್ಪಾ. ನನಗೆ ಎಣಿಸಲು ಕಲಿಸಿದವನಿಗೆ ಎಣಿಕೆ ಹೋಯಿತೆಂದು ನಂಬಿದೆ.

ಆಗ ನೀನು ಆಡುವ ಕೈಯಿಂದ ನನ್ನ ಸೆರಗು ಜಗ್ಗಿದೆ. ಪಕ್ಕದ ಹಾಸಿಗೆಯಲ್ಲಿ ಅರಕೇರಿಯ ಮುದುಕರೊಬ್ಬರು ಉಸಿರಿಗೆ ಪರದಾಡುತ್ತಿದ್ದರು. ಕಣ್ಣಿನಿಂದಲೇ ಅವರನ್ನು ತೋರಿಸಿದೆ. "ದವಾಖಾನ್ಯಾಗ ಆ ಮಾತು ಆಡಬ್ಯಾಡ ಯವ್ವಾ. ಯಾರದರೆ ಜೀವ ಎದ್ದು ಹೋದೀತು." ಆಮೇಲೆ ಒಂದೊಂದೇ ಬಿಡಿಸಿ ಹೇಳಿದೆ: "ಎಂಟು, ಒಂಬತ್ತು, ಹತ್ತು. ಆತಿಲ್ಲ?" ನಾನು ಅತ್ತೆನೋ ನಕ್ಕೆನೋ...

ಅಲ್ಲಿಂದ ಮನೆಗೆ ಕರೆತಂದ ಮೇಲೆ ಆ ಶಬ್ದ ನನ್ನ ನಾಲಿಗೆಯಲ್ಲೇ ಅಂಜಿ ಕೂತಿತು. ನಿನ್ನನ್ನು ಎಬ್ಬಿಸುವಾಗ "ಬೆಳಕಾತು ಯಪ್ಪಾ, ಚಾ ಆರಾಕತ್ತೈತಿ" ಎನ್ನುತ್ತಿದ್ದೆ. ಆರಿಹೋಗುವ ಆರಕ್ಕೆ ನೀನು ಎಂದೂ ಹೆದರಿದವನಲ್ಲ, ನೋಡು. ಆದರೆ ಅರ್ಧವಾರ್ಷಿಕ ಪರೀಕ್ಷೆ ಶುರುವಾದ ಆ ಬೆಳಿಗ್ಗೆ ಗಡಿಬಿಡಿಯಲ್ಲಿ ಬಾಯಿ ತಪ್ಪಿತು. "ಯಪ್ಪಾ, ಏಳು" ಎಂದುಬಿಟ್ಟೆ. ನೀನು ಏಳಲಿಲ್ಲ. ನಾನು ಅನ್ನುವ ಮೊದಲೇ ಹೋಗಿದ್ದೆಯಾ, ಅಂದ ಮೇಲೆ ಹೋದೆಯಾ? ಗಣಿತ ಕಲಿಸುವವಳು ಇಂಥ ಪ್ರಶ್ನೆ ಕೇಳಬಾರದು, ಗೊತ್ತು. ಆದರೆ ನಿನ್ನ ಕೈ ಇನ್ನೂ ಬೆಚ್ಚಗಿತ್ತು ಯಪ್ಪಾ. ಅಂದಿನಿಂದ ಇದನ್ನು ಯಾರ ಮುಂದೆಯೂ ಹೇಳಿಲ್ಲ.

ನೀನು ಹೋದ ಮೇಲೆ ಒಂದು ಮಧ್ಯಾಹ್ನ ವರ್ಗದಲ್ಲಿ ಒಂದನ್ನು ಏಳರಿಂದ ಭಾಗಿಸಿ ತೋರಿಸುತ್ತಿದ್ದೆ. ಇಪ್ಪತ್ತು ವರ್ಷಗಳಿಂದ ಕಲಿಸುತ್ತಿರುವ ಲೆಕ್ಕ. ದಶಾಂಶ ಬಿಂದುವಿನ ನಂತರ ಒಂದು, ನಾಲ್ಕು, ಎರಡು, ಎಂಟು, ಐದು, ಏಳು ಬಂದವು. ಲೆಕ್ಕ ಮುಗಿಯುವುದಿಲ್ಲ, ಅವೇ ಆರು ಅಂಕಿಗಳು ಅದೇ ಸಾಲಿನಲ್ಲಿ ಮತ್ತೆ ಮತ್ತೆ ಬರುತ್ತವೆ, ಕೊನೆಯೇ ಇಲ್ಲ. ಆ ಆರಂಕಿಯ ಸಂಖ್ಯೆಯನ್ನು ಎರಡರಿಂದ ಗುಣಿಸು, ಮೂರರಿಂದ ಗುಣಿಸು, ಆರರವರೆಗೆ ಯಾವುದರಿಂದಲಾದರೂ ಗುಣಿಸು, ಅವೇ ಅಂಕಿಗಳು ಸುತ್ತು ಕೂತವರು ಜಾಗ ಸರಿದಂತೆ ಸರಿಯುತ್ತವೆ, ಒಂದೂ ಕಳೆದುಹೋಗುವುದಿಲ್ಲ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೆ ಅಂದು ಆರು ಅಂಕಿ ಬರೆದು ಏಳನೆಯದಕ್ಕೆ ಕೈ ಎತ್ತಿದಾಗ ಸುಣ್ಣದ ಕಡ್ಡಿ ನಿಂತುಹೋಯಿತು. ಏಳನೆಯ ಜಾಗದಲ್ಲಿ ಬರಬೇಕಾದದ್ದು ಮತ್ತೆ ಒಂದು. ನಿನ್ನ ಬಾಯಲ್ಲಿ ಅದರ ಹೆಸರೇನು ಯಪ್ಪಾ?

ಮತ್ತ ಲಾಭ. ನೀನು ಭಾಗಾಕಾರ ಕಲಿತವನಲ್ಲ, ನಿನಗೆ ಕಲಿಸಿದ ಅಜ್ಜ ಸಾಲೆಯನ್ನೇ ಕಂಡವನಲ್ಲ. ಇದು ಕಾಕತಾಳೀಯ ಎಂದು ನಾನು ಮಕ್ಕಳಿಗೆ ಹೇಳಬಲ್ಲೆ. ಆದರೆ ಅಂದು ಹೇಳಲಿಲ್ಲ. ಮಕ್ಕಳ ಕಡೆ ಬೆನ್ನು ಮಾಡಿ ಬಹಳ ಹೊತ್ತು ಹಲಗೆ ಒರೆಸಿದೆ.

ನಿನ್ನೆ ಕಣದಲ್ಲಿ ತಮ್ಮ ಮಲ್ಲು ಚೀಲ ಹಿಡಿದಿದ್ದ. ರಾಶಿಯನ್ನು ಈಗ ಮಷೀನೇ ಮಾಡುತ್ತದೆ, ಆದರೂ ಮೊದಲ ಹತ್ತು ಸೇರು ಕೈಯಿಂದಲೇ ಅಳೆಯಬೇಕೆಂದು ಹಟ ಹಿಡಿದವನು ಅವನೇ. ಲಾಭ ಎಂದೆ, ಎರಡು ಎಂದೆ, ಆರರವರೆಗೆ ಬಂದೆ. ಮಲ್ಲು ನನ್ನ ಮುಖ ನೋಡಿದ.

"ಅಕ್ಕಾ, ನೀ ಗಣಿತದಾಕಿ. ಏನಂತೀ ಈಗ?"

ಸೇರು ತುಂಬಿ ಎತ್ತಿದೆ. "ಮತ್ತ ಲಾಭ" ಎಂದೆ. ಎಷ್ಟು ಹಗುರಾಯಿತು ಅಂತೀ...

ಮಲ್ಲು ಚೀಲದ ಬಾಯಿ ಬಿಟ್ಟು ಕಣ್ಣೊರೆಸಿಕೊಂಡ. ಆಮೇಲೆ ಬದುವಿನ ಮೇಲೆ ಕೂತಿದ್ದ ಹೆಂಡತಿ ಭಾಗ್ಯಾಳ ಕಡೆ ನೋಡಿ, "ಅಪ್ಪಗ ಈಕಿ ಸುದ್ದೀನೂ ಹೇಳಬೇಕಿತ್ತು" ಎಂದ. ನೀನು ಹೋದಾಗ ಅದು ನಮಗೂ ಗೊತ್ತಿರಲಿಲ್ಲ. ಬರುವ ವಾರ ಅವಳಿಗೆ ಕುಬಸ, ಬಸುರಿಗೆ ಉಡಿಸಲು ಹಸಿರು ಸೀರೆ ತಂದಿಟ್ಟಿದ್ದೇನೆ. ಎಷ್ಟನೆಯ ತಿಂಗಳು ಎಂದು ಸಾರವಾಡದ ಹೆಂಗಸರು ಕೇಳಿದರೆ ಏನು ಹೇಳಬೇಕೆಂದು ಅವಳಿಗೂ ಕಲಿಸಿದ್ದೇನೆ.

ಆರು ತುಂಬಿದವು ಯಪ್ಪಾ. ಈಗ ಮತ್ತ ಲಾಭ.

ನಿನ್ನ ಮಗಳು,
ಸುಮಿ