ಆಷಾಢ ಕಳೆಯಲಿ ಎಂದ ಅಪ್ಪನಿಗೆ

ಅಪ್ಪಾ,

ಇವತ್ತು ಅಡಿಲೇಡ್‌ನ ಕನ್ನಡ ಸಂಘದವರು ರಾಜ್ಯೋತ್ಸವದಲ್ಲಿ ನನಗೆ ಶಾಲು ಹೊದಿಸಿದರು. ಅಧ್ಯಕ್ಷರು ಮೈಕ್ ಹಿಡಿದು ಏನಂದರು ಗೊತ್ತಾ? "ಇವರ ತಂದೆ ಎಂಥಾ ದೇಶಭಕ್ತರು ನೋಡಿ! ತಾವು ಆಸ್ಟ್ರೇಲಿಯನ್ ಆದ್ರೂ ಮಗಳ ಇಂಡಿಯನ್ ಪಾಸ್‌ಪೋರ್ಟ್ ಬಿಡಿಸ್ಲಿಲ್ಲ. ಅದಕ್ಕೇ ಇಂಡಿಯಾ ಫುಟ್‌ಬಾಲ್ ಟೀಮಲ್ಲಿ ಆಡ್ತಿದ್ದಾಳೆ!" ಚಪ್ಪಾಳೆಯೋ ಚಪ್ಪಾಳೆ. ನನಗೆ ಮೈಯೆಲ್ಲ ಉರಿಯಿತು. ನಿನಗೆ ದೇಶಭಕ್ತಿ ಯಾವಾಗ ಬಂತಪ್ಪಾ?

ನಮ್ಮ ಹಳೆಯ ಕ್ಯಾನಿಂಗ್ ವೇಲ್ ಮನೆಯ ಫ್ರಿಜ್ ನೆನಪಿದೆಯಾ? ನೀನು ನಮ್ಮ ಮೂವರ ಆಸ್ಟ್ರೇಲಿಯಾ ಪೌರತ್ವದ ಅರ್ಜಿ ತುಂಬಿ ಅದರ ಮೇಲಿಟ್ಟಿದ್ದೆ. "ಪೋಸ್ಟ್ ಮಾಡ್ಬಿಡ್ರೀ" ಅಂತ ಅಮ್ಮ ದಿನಾ ಹೇಳುತ್ತಿದ್ದಳು. "ಆಷಾಢ ಕಣೇ, ಕಳೀಲಿ. ಒಳ್ಳೆ ಕೆಲ್ಸ ಈಗ್ಯಾಕೆ?" ಅನ್ನುತ್ತಿದ್ದೆ ನೀನು. ಆ ಆಷಾಢದಲ್ಲೇ ನನಗೆ ಹದಿನಾರು ತುಂಬಿತು. ಹದಿನಾರಾದವರು ಅಪ್ಪ ಅಮ್ಮನ ಅರ್ಜಿಯಲ್ಲಿ ಸೇರುವಂತಿಲ್ಲ, ಬೇರೆ ಹಾಕಬೇಕು ಅಂದರು. ನಿಮ್ಮಿಬ್ಬರದು ಆಯಿತು. ನನ್ನದಕ್ಕೆ ಮೊದಲು ಶಾಲೆಯ ಪರೀಕ್ಷೆ ಮುಗಿಯಬೇಕಿತ್ತು, ಆಮೇಲೆ ಹೊಸ ಫೋಟೋ, ಆಮೇಲೆ...

ಬ್ರಿಸ್ಬೇನ್‌ನಲ್ಲಿ ಕಾಲೇಜು ತಂಡಕ್ಕೆ ಆಡುವಾಗ ಆಸ್ಟ್ರೇಲಿಯಾದ ಕಿರಿಯರ ಕ್ಯಾಂಪಿನಿಂದ ಕರೆ ಬಂತು. ಪಾಸ್‌ಪೋರ್ಟ್ ನೋಡಿದವರು ಸಾರಿ ಅಂದರು. ಅಲ್ಲೇ ರನ್‌ಕಾರ್ನ್‌ನ ಬಾಡಿಗೆ ಕೋಣೆಯಿಂದ ನಿನಗೆ ಫೋನ್ ಮಾಡಿ ಕಿರುಚಿದೆ: "ನಿನ್ ಪಂಚಾಂಗದಿಂದ ನನ್ ಆಟ ಹಾಳಾಯ್ತು. ಇನ್ಮೇಲೆ ಫೋನ್ ಮಾಡ್ಬೇಡ!" ಹೇಳಿದ ಮಾತು ಎಂದೂ ಕೇಳದವನು ಅದೊಂದನ್ನು ಯಾಕೆ ಕೇಳಿದೆ? ನೀನು ಮಾಡಲೇ ಇಲ್ಲ. ಮೂರು ವಾರಕ್ಕೆ ಅಮ್ಮನ ಫೋನ್ ಬಂತು, ನಿನ್ನ ಹೃದಯ ನಿಂತುಹೋಯಿತು ಅಂತ.

ಮರುವರ್ಷ ಇಂಡಿಯಾ ತಂಡದ ಆಯ್ಕೆಗೆ ಹೋದೆ. ನನಗಿಂತ ಚೆನ್ನಾಗಿ ಆಡುವ ಇನ್ನೊಬ್ಬಳೂ ಹೊರದೇಶದಿಂದ ಬಂದಿದ್ದಳು. ಅವಳದು ವಿದೇಶಿ ಪಾಸ್‌ಪೋರ್ಟ್, ಬಾಗಿಲಲ್ಲೇ ವಾಪಸ್ ಕಳಿಸಿದರು. ನನ್ನನ್ನು ಒಳಗೆ ಬಿಟ್ಟದ್ದು ನಿನ್ನ ಆಷಾಢ! ಒಳಗೆ ಹೋದಮೇಲಾದರೂ ಮರ್ಯಾದೆ ಸಿಕ್ಕಿತಾ? ಗಂಡಸರ ಅಳತೆಯ ಜರ್ಸಿ ಕೊಟ್ಟರು, ತೋಳು ಮೊಣಕೈ ದಾಟುತ್ತಿತ್ತು. ಮ್ಯಾನೇಜರ್ ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ, "ಆಸ್ಟ್ರೇಲಿಯಾ" ಅಂತಲೇ ಕೂಗುತ್ತಿದ್ದ. ಇಲ್ಲಿ ಬಂದರೆ ಸಂಘದ ಅಂಕಲ್‌ಗಳು, "ಲೇಡೀಸ್ ಟೀಮಾ? ಅದೂ ಇದ್ಯಾ?" ಅಂತ ಕೇಳಿದವರು. ಅವರೇ ಇವತ್ತು ಶಾಲು ಹಿಡಿದು ಸಾಲಾಗಿ ನಿಂತಿದ್ದರು.

ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ನಾನು ಇಂಡಿಯಾ ಪರ ಗೋಲು ಹೊಡೆದೆ ಅಪ್ಪಾ. ಎಡಗಾಲಲ್ಲಿ. ಆ ಮನೆ ಹತ್ತಿರದ ವಿಲೆಟನ್ ಮೈದಾನದ ಪಕ್ಕ ಕಾರಿನಲ್ಲಿ ಚಕ್ಕುಲಿ ಮುರಿಯುತ್ತಾ, "ಪುಟ್ಟಾ, ಆ ಎಡಗಾಲು ಬರೀ ಬಸ್ ಹತ್ತೋಕಾ?" ಅಂತ ರೇಗಿಸುತ್ತಿದ್ದೆಯಲ್ಲ, ಅದೇ ಕಾಲು. ಪಂದ್ಯ ಯಾವ ಟಿವಿಯಲ್ಲೂ ಬರಲಿಲ್ಲ. ಅಮ್ಮ ಫೋನ್ ಹಿಡಿದು ಕೂತು ಬರೀ ಸ್ಕೋರ್ ನೋಡಿದಳಂತೆ. ಅವಳಿಗೂ ತೋರಿಸಲಾಗದ ಗೋಲು ಅದು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ, ಹೇಳು.

ಈಗ ಇಲ್ಲಿ ಕೆಲಸ ಸಿಕ್ಕಿದೆ. ಇಲ್ಲಿನ ಪೌರತ್ವ ತೊಗೊಂಡುಬಿಡು, ಇನ್ನೆಷ್ಟು ದಿನ ಎರಡು ದೋಣಿಯಲ್ಲಿ ಕಾಲು ಅಂತ ಎಲ್ಲರೂ ಹೇಳುತ್ತಾರೆ. ತೊಗೊಂಡರೆ ಇಂಡಿಯಾದ ನೀಲಿ ಪಾಸ್‌ಪೋರ್ಟ್ ಹೋಗುತ್ತದೆ, ಅದರ ಜೊತೆ ತಂಡವೂ. ಮುಂದಿನ ತಿಂಗಳ ಕ್ಯಾಂಪಿಗೆ ಮತ್ತೆ ಕರೆದಿದ್ದಾರೆ. ಅರ್ಜಿ ತುಂಬಿ, ಸಹಿ ಹಾಕಿ, ನನ್ನ ಫ್ರಿಜ್ ಮೇಲಿಟ್ಟಿದ್ದೇನೆ.

ಸಮಾರಂಭ ಮುಗಿಸಿ ಬಂದಾಗ ಅಮ್ಮ ಫೋನ್ ಮಾಡಿದಳು. "ಪೋಸ್ಟ್ ಮಾಡಿದ್ಯೇನೇ?"

"ಆಷಾಢ ಕಣಮ್ಮಾ. ಕಳೀಲಿ."

ಇದು ಕಾರ್ತಿಕ ಅಂತ ಅವಳಿಗೂ ಗೊತ್ತು. ಆದರೂ ಮೂಗು ಎಳೆದುಕೊಂಡು ಅಂದಳು, "ಹೂಂ, ಕಳೀಲಿ ಬಿಡು."

ನಿನ್ನ ಪುಟ್ಟ